ಟಿಪ್ ನಂಬಿ ತಗೊಂಡ ಶೇರು ಮಾರೋಕೇ ಆಗ್ತಿಲ್ಲ - ಪ್ರತಿಕ್ರಿಯೆ

ಟೆಲಿಗ್ರಾಂ ಗುಂಪಲ್ಲಿ ಎಲ್ರೂ ತಗೊಂಡ್ರು ಅಂತ ನೀವೂ ತಗೊಂಡು, ಈಗ ಮಾರೋಕೆ ಹಾಕಿದ್ರೆ ಆರ್ಡರ್ ಪೆಂಡಿಂಗಲ್ಲೇ ಇರುತ್ತೆ ಅಂದ್ರಲ್ಲ, ಅದು ಆ್ಯಪ್ ತೊಂದ್ರೆ ಅಲ್ಲ, ಲೋವರ್ ಸರ್ಕ್ಯೂಟ್ (ಒಂದು ದಿನದಲ್ಲಿ ರೇಟ್ ಇಳೀಬಹುದಾದ ಕೊನೇ ಮಿತಿ) ಬಿದ್ದಿರ್ಬೇಕು. ಟಿಪ್ ಕೊಟ್ಟೋರು ಮೊದ್ಲೇ ಕಮ್ಮಿಗೆ ತಗೊಂಡಿಟ್ಟು ನೀವೆಲ್ಲ ಮುಗಿಬಿದ್ದಾಗ ಮಾರಿರೋ ಸಾಧ್ಯತೆನೇ ಜಾಸ್ತಿ, ಈಗ ಕುರಿಮಂದೆ ಥರ ಎಲ್ರೂ ಒಂದೇ ಬಾಗ್ಲಿಗೆ ನುಗ್ತಿದಾರೆ, ಕೊಳ್ಳೋರು ಇಲ್ಲ.

ಮೊದ್ಲು ಆವರೇಜ್ ಮಾಡೋದು (ರೇಟ್ ಇಳಿದಾಗ ಅದೇ ಶೇರು ಇನ್ನಷ್ಟು ತಗೊಳ್ಳೋದು) ನಿಲ್ಸಿ. ಗುಂಪಲ್ಲಿ 'ಹೋಲ್ಡ್ ಮಾಡಿ' ಅಂತಾನೇ ಇರ್ತಾರೆ, ಕಿವಿಗೆ ಹಾಕ್ಕೋಬೇಡಿ. ರಾತ್ರಿನೇ ಎಎಂಓ (ಮಾರ್ಕೆಟ್ ಮುಚ್ಚಿದ ಮೇಲೆ ಹಾಕೋ ಆರ್ಡರ್) ಹಾಕಿ, ನಾಳೆಯ ಲೋವರ್ ಸರ್ಕ್ಯೂಟ್ ರೇಟಿಗೇ ಲಿಮಿಟ್ ಇಡಿ, ಅಂದ್ರೆ ಅದಕ್ಕಿಂತ ಕಮ್ಮಿಗೆ ಬೇಡ ಅಂತ (ದಿನದ ಏರಿಳಿತದ ಮಿತಿ, ಅಂದ್ರೆ ಬ್ಯಾಂಡ್, 5% ಇದ್ದು ಇವತ್ತು 100ಕ್ಕೆ ಕ್ಲೋಸ್ ಆಗಿದ್ರೆ ನಾಳೆ 95). ಒಂದೇ ರೇಟಲ್ಲಿ ಮೊದ್ಲು ಬಂದೋರಿಗೆ ಮೊದ್ಲು ಸರದಿ, ಹಾಗಾಗಿ ಮಾರ್ಕೆಟ್ ತೆರೆಯೋ 9:15ಕ್ಕೆ ಹಾಕಿದ್ರೆ ಕ್ಯೂ ಕೊನೇಲಿ ನಿಂತಂಗೆ. ಮಧ್ಯದಲ್ಲಿ ರೇಟ್ ಬದಲಾಯಿಸ್ಬೇಡಿ, ಸರದಿ ಹೋಗುತ್ತೆ. ಸಂಜೆಗೆ ಆರ್ಡರ್ ಕ್ಯಾನ್ಸಲ್ ಆಗುತ್ತೆ, ದಿನಾ ಹೊಸದಾಗಿ ಹಾಕ್ಬೇಕು. ಎನ್‌ಎಸ್‌ಇ, ಬಿಎಸ್‌ಇ ಎರಡೂ ಎಕ್ಸ್‌ಚೇಂಜಲ್ಲಿ ಲಿಸ್ಟ್ ಆಗಿದ್ರೆ ಅರ್ಧರ್ಧ ಹಾಕಿ, ನಂಗೆ ಬಿಎಸ್‌ಇಲೇ ಮೊದ್ಲು ಹೋಗಿದ್ದು.

ಎಷ್ಟು ದಿನ ಹಿಡಿಯುತ್ತೆ ಅಂತ ಯಾರೂ ಹೇಳೋಕಾಗಲ್ಲ, ನಂದು ನಾಲ್ಕನೇ ದಿನ ಹೋಯ್ತು. ಗುಂಪಿನ ಮೆಸೇಜ್‌ಗಳ ಸ್ಕ್ರೀನ್‌ಶಾಟ್ ಈಗ್ಲೇ ತೆಗೆದಿಟ್ಕೊಳಿ, ಆಮೇಲೆ ಡಿಲೀಟ್ ಮಾಡ್ಬಿಡ್ತಾರೆ, ಶೇರು ಮಾರ್ಕೆಟ್ ನಿಯಂತ್ರಿಸೋ ಸೆಬಿಗೆ ದೂರು ಕೊಡೋಕೆ ಬೇಕಾಗುತ್ತೆ. ಮಾರಿದ ಮೇಲೆ ಆ ನಷ್ಟನ ಐಟಿ ರಿಟರ್ನಲ್ಲಿ ಗಡುವಿನೊಳಗೆ ತೋರಿಸಿ, 8 ವರ್ಷದವರೆಗೂ ಮುಂದೆ ಬರೋ ಕ್ಯಾಪಿಟಲ್ ಗೇನ್ಸಲ್ಲಿ (ಶೇರು ಥರದ ಆಸ್ತಿ ಮಾರಿ ಬರೋ ಲಾಭ) ಕಳೀಬಹುದು.