ಆ ಕೆಂಪು ಬಣ್ಣ ನಿಜವೇ?

ಪ್ರಶ್ನೆ: ಟೆಲಿಸ್ಕೋಪಿನಲ್ಲಿ ಒರಾಯನ್ ನೀಹಾರಿಕೆ (ಆಕಾಶದಲ್ಲಿರುವ ಅನಿಲ, ಧೂಳಿನ ಮೋಡ) ನೋಡಿದೆ. ಬೂದು ಹೊಗೆಯ ಹಾಗೆ ಕಂಡಿತು. ಫೋಟೋದಲ್ಲಿ ಮಾತ್ರ ಕೆಂಪು, ಗುಲಾಬಿ. ಇದೆಲ್ಲ ಕಂಪ್ಯೂಟರಿನಲ್ಲಿ ಬಳಿದ ಬಣ್ಣ ಅಲ್ವಾ?

ಉತ್ತರ: ಪ್ರತಿ ಸಲವೂ ಈ ಪ್ರಶ್ನೆ ಬರುತ್ತದೆ. 'ನೀವೆಲ್ಲ ಮೋಸ ಮಾಡ್ತೀರಿ' ಅನ್ನುವ ಧಾಟಿ ಬೇರೆ. ಅದಕ್ಕೇ ಈ ಸಲ ಬಿಡಿಸಿ ಹೇಳುತ್ತೇನೆ.

ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ಕತ್ತಲಲ್ಲಿ ಕೆಂಪು ಹೂವೂ ಕಪ್ಪಗೇ ಕಾಣುತ್ತದೆ. ಹಾಗಂತ ಹೂವಿನ ಬಣ್ಣ ಹೋಯಿತೇ? ಆ ನೀಹಾರಿಕೆಯ ಹೈಡ್ರೋಜನ್ 656.3 ನ್ಯಾನೊಮೀಟರಿನ ಕೆಂಪು ಬೆಳಕನ್ನು ಸೂಸುತ್ತಲೇ ಇದೆ. ಕಣ್ಣು ಅದನ್ನು ಕೂಡಿಡಲಾರದು. ಕ್ಯಾಮೆರಾದ ಸೆನ್ಸರ್ ನಿಮಿಷಗಟ್ಟಲೆ ಕೂಡಿಡುತ್ತದೆ. ಖಗೋಳ ಛಾಯಾಗ್ರಾಹಕ ಹೆನ್ರಿ ಡ್ರೇಪರ್ 1880ರಲ್ಲಿ ಇದೇ ನೀಹಾರಿಕೆಗೆ 51 ನಿಮಿಷ ಎಕ್ಸ್‌ಪೋಶರ್ (ಬೆಳಕು ಬೀಳಲು ಬಿಡುವ ಹೊತ್ತು) ಕೊಟ್ಟು ಫೋಟೋ ತೆಗೆದರು. ಮೂರು ವರ್ಷದ ನಂತರ ಇನ್ನೊಬ್ಬ ಖಗೋಳ ಛಾಯಾಗ್ರಾಹಕ ಆಂಡ್ರ್ಯೂ ಕಾಮನ್ ತೆಗೆದ ಫೋಟೋದಲ್ಲಿ ಕಣ್ಣಿಗೆ ಕಾಣದ ನಕ್ಷತ್ರಗಳೂ ಮೂಡಿದ್ದವು. ಆಗ ಕಂಪ್ಯೂಟರ್ ಎಲ್ಲಿತ್ತು?

ಸ್ಟ್ಯಾಕಿಂಗ್, ಅಂದರೆ ಹಲವು ಫೋಟೋ ಸೇರಿಸಿ ಒಂದು ಮಾಡುವುದರ ಮೇಲೂ ಇದೇ ಅನುಮಾನ. ಒಂದೇ ಜಾಗದ ನೂರು ಫೋಟೋಗಳ ಸರಾಸರಿ ತೆಗೆದರೆ ನಾಯ್ಸ್ (ಫೋಟೋದ ಕಾಳುಕಾಳು ಗಲಿಬಿಲಿ) ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಷ್ಟೇ. ಇಲ್ಲದ್ದು ಯಾವುದೂ ಬಂದು ಸೇರುವುದಿಲ್ಲ.

ಒಂದು ಕಡೆ ಮಾತ್ರ ನಿಮ್ಮ ಅನುಮಾನ ಸರಿ. ಗಂಧಕದ ಬೆಳಕಿಗೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಮ್ಲಜನಕಕ್ಕೆ ನೀಲಿ ಕೊಟ್ಟ ಚಿತ್ರಗಳಿವೆ. ಅಲ್ಲಿ ಬಣ್ಣ ಹಂಚಿದವರು ನಾವೇ. ಯಾವ ಅನಿಲ ಎಲ್ಲಿದೆ ಅಂತ ತೋರಿಸಲು ಅದು ಬೇಕು. ಆದರೆ ಚಿತ್ರದ ಕೆಳಗೆ ಹಾಗಂತ ಬರೆಯಲೇಬೇಕು. ಬರೆಯದವರ ಮೇಲೆ ನನಗೂ ಸಿಟ್ಟಿದೆ.

ಬಂದ ಬೆಳಕನ್ನು ಎಷ್ಟು ಬೇಕಾದರೂ ಎತ್ತಿ ತೋರಿಸಿ. ಬಾರದ್ದನ್ನು ಸೇರಿಸಬೇಡಿ, ಬಂದದ್ದನ್ನು ಅಳಿಸಬೇಡಿ. ರಾ ಫೈಲನ್ನು (ಕ್ಯಾಮೆರಾ ದಾಖಲಿಸಿದ, ತಿದ್ದದ ಮೂಲ ಫೈಲು) ಹಿಗ್ಗಿಸಿ ನೋಡಿ. ಒಂದೇ ಪಿಕ್ಸೆಲ್ ಚುರುಕಾಗಿ ಉರಿಯುತ್ತಿದ್ದು ಸುತ್ತ ಪೂರಾ ಕಪ್ಪಿದ್ದರೆ ಅದು ಬಹುಪಾಲು ಹಾಟ್ ಪಿಕ್ಸೆಲ್, ಅಂದರೆ ಬೆಳಕು ಬೀಳದೆಯೂ ಬೆಳಗುವ ಸೆನ್ಸರಿನ ದೋಷ. ಅಂಚು ಮಸುಕಾಗಿ ನಾಲ್ಕಾರು ಪಿಕ್ಸೆಲ್‌ಗೆ ಹರಡಿದ್ದರೆ ನಕ್ಷತ್ರ. ಎರಡನ್ನೂ 'ಕಸ' ಅಂತ ಬ್ರಷ್‌ನಿಂದ ಒರೆಸುವವರಿದ್ದಾರೆ. ಲೆನ್ಸ್ ಮುಚ್ಚಿ, ಅಷ್ಟೇ ಎಕ್ಸ್‌ಪೋಶರ್, ಅಷ್ಟೇ ಉಷ್ಣಾಂಶದಲ್ಲಿ ಡಾರ್ಕ್ ಫ್ರೇಮ್ (ಬೆಳಕೇ ಇಲ್ಲದ ಫೋಟೋ) ತೆಗೆದು ಅದನ್ನು ನಿಮ್ಮ ಫೋಟೋದಿಂದ ಕಳೆಯಿರಿ, ಸಾಕು. 1930ರಲ್ಲಿ ಖಗೋಳ ವೀಕ್ಷಕ ಕ್ಲೈಡ್ ಟಾಂಬೊ ಅವರಿಗೆ ಪ್ಲೂಟೊ ಸಿಕ್ಕಿದ್ದು ಇಂಥದೇ ಒಂದು ಚುಕ್ಕೆಯಾಗಿ. ಜನವರಿ 23 ಮತ್ತು 29ರ ಫೋಟೋಗಳಲ್ಲಿ ಅದು ಸ್ವಲ್ಪ ಜಾಗ ಬದಲಿಸಿತ್ತು. ಶುರುವಿನಲ್ಲಿ ನಾನೂ ಚಂದ ಕಾಣಲಿ ಅಂತ ಒರೆಸಿದ್ದೇನೆ, ರಾ ಫೈಲ್ ಕೂಡ ಇಟ್ಟುಕೊಳ್ಳಲಿಲ್ಲ. ಆ ರಾತ್ರಿಗಳ ದಾಖಲೆ ಹೋದದ್ದು ಹೋಯಿತು. ನೀವು ದಿನಾಂಕ, ಸಮಯ, ಜಾಗ, ಎಕ್ಸ್‌ಪೋಶರ್, ಫಿಲ್ಟರ್ ಎಲ್ಲ ಬರೆದಿಡಿ.

ಪ್ರಶ್ನೆ: ಟೆಲಿಸ್ಕೋಪ್ ಇಲ್ಲದೆ ಶುರು ಮಾಡಬಹುದೇ?

ಉತ್ತರ: ಧಾರಾಳವಾಗಿ. ಅಲುಗಾಡದ ಟ್ರೈಪಾಡ್ ಮೊದಲು ತನ್ನಿ.

ಪ್ರಶ್ನೆ: ಚಂದ್ರನ ಕುಳಿಗಳನ್ನು ಎಐ ಆ್ಯಪ್‌ನಲ್ಲಿ ಸ್ಪಷ್ಟ ಮಾಡಿಕೊಳ್ಳಲೇ?

ಉತ್ತರ: ಬೇಡ. ಆ್ಯಪ್ ಊಹಿಸಿದ ಕುಳಿ ನಿಮ್ಮ ಕ್ಯಾಮೆರಾ ಕಂಡದ್ದಲ್ಲ. 'ಒಂದೇ ಕ್ಲಿಕ್ಕಿಗೆ ಎಲ್ಲ ಸರಿ' ಅಂತ ಮಾರುವವರನ್ನು ನಂಬಬೇಡಿ.

ಪ್ರಶ್ನೆ: ಎಕ್ಸ್-ರೇ ಫಿಲ್ಮ್ ಅಡ್ಡ ಹಿಡಿದು ಸೂರ್ಯನ ಫೋಟೋ ತೆಗೆಯಬಹುದು ಅಂತಾರೆ, ನಿಜವೇ?

ಉತ್ತರ: ಹಾಗೆ ಹೇಳಿದವರ ಮಾತು ಇನ್ನು ಕೇಳಲೇಬೇಡಿ. ಕಪ್ಪಗೆ ಕಂಡರೂ ಕಣ್ಣು ಸುಡುವ ಅವರಕ್ತ (ಇನ್‌ಫ್ರಾರೆಡ್) ಕಿರಣ ಅದನ್ನು ದಾಟಿ ಬರಬಹುದು. ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಟೆಲಿಸ್ಕೋಪಿನ ಮುಂದಿನ ಬಾಯಿಗೆ ಬಿಗಿಯಾಗಿ ಕೂರಬೇಕು, ಕಣ್ಣಿಟ್ಟು ನೋಡುವ ಐಪೀಸ್ ಕಡೆಗಲ್ಲ. ಪ್ರತಿ ಸಲ ಹಾಕುವ ಮುಂಚೆ ಅದನ್ನು ದೀಪಕ್ಕೆ ಹಿಡಿದು ನೋಡುತ್ತೇನೆ. ಸೂಜಿಮೊನೆಯಷ್ಟು ತೂತು ಕಂಡರೂ ಎಸೆದುಬಿಡುತ್ತೇನೆ.