ಕೇಳಿದ್ದೀರಿ, ಹೇಳಿದ್ದೇವೆ: ಟೇಪ್ ಆಟೊಲೋಡರ್ ತಕರಾರುಗಳು

ರಾನ್ಸಮ್‌ವೇರ್ ಕಾಟ ಹೆಚ್ಚಾದ ಮೇಲೆ ಸಣ್ಣ ಕಚೇರಿಗಳೂ ಬ್ಯಾಕಪ್‌ಗಾಗಿ ಮತ್ತೆ ಟೇಪಿನ ಕಡೆ ನೋಡುತ್ತಿವೆ. ಮ್ಯಾಗಜೀನಿನಿಂದ ತೆಗೆದು ಕಪಾಟಿನಲ್ಲಿಟ್ಟ ಟೇಪನ್ನು ಯಾವ ವೈರಸ್ಸೂ ಮುಟ್ಟಲಾರದು. ಮ್ಯಾಗಜೀನಿನಲ್ಲಿ ಜೋಡಿಸಿದ ಟೇಪುಗಳನ್ನು ಒಂದೊಂದಾಗಿ ತಾನೇ ಡ್ರೈವ್‌ಗೆ ಹಾಕಿ ತೆಗೆಯುವ ಯಂತ್ರವೇ ಆಟೊಲೋಡರ್. ಈ ಸಲ ಬಂದ ಪತ್ರಗಳಲ್ಲಿ ಅದಕ್ಕೆ ಸಂಬಂಧಿಸಿದವನ್ನಷ್ಟೇ ಆರಿಸಿಕೊಂಡಿದ್ದೇವೆ. ಎಲ್‌ಟಿಒ ಎನ್ನುವುದು ಟೇಪಿನ ಒಂದು ಮಾದರಿ, ಪಕ್ಕದ ಅಂಕಿ ಅದರ ತಲೆಮಾರು.

ಪ್ರಶ್ನೆ: ಎಸ್.ಪಿ. ರಸ್ತೆಯಲ್ಲಿ ಎಂಟು ಸ್ಲಾಟಿನ ಎಲ್‌ಟಿಒ-7 ಆಟೊಲೋಡರ್ ಸೆಕೆಂಡ್ ಹ್ಯಾಂಡ್ ತಂದೆವು. ಸರ್ವರ್‌ಗೆ ಸಾಸ್ ಕೇಬಲ್ ಹಾಕಿದರೆ ಟೇಪ್ ಡ್ರೈವ್ ಕಾಣುತ್ತದೆ, ಲೋಡರ್ ಕಾಣುವುದಿಲ್ಲ. ರೋಬಾಟ್ ಕೆಟ್ಟಿದೆಯೇ?
— ಮುದ್ರಣಾಲಯದ ಸಿಸ್ಟಂ ನೋಡಿಕೊಳ್ಳುವವರು, ಚಾಮರಾಜಪೇಟೆ

ರೋಬಾಟ್ ಕೆಟ್ಟಿದ್ದರೆ ಮುಂಭಾಗದ ಪ್ಯಾನೆಲ್ಲಿನಲ್ಲೇ ಎರರ್ ಬರುತ್ತಿತ್ತು. ಪ್ಯಾನೆಲ್ಲಿನಿಂದ ಒಂದು ಟೇಪನ್ನು ಸ್ಲಾಟ್ 1ರಿಂದ ಡ್ರೈವ್‌ಗೆ ಕಳಿಸಿ ನೋಡಿ. ಹೋಗಿ ವಾಪಸ್ ಬಂದರೆ ಯಂತ್ರ ಸರಿಯಿದೆ, ತಕರಾರು ಸರ್ವರ್ ಕಡೆಗಿದೆ.

ಡ್ರೈವ್ ಮತ್ತು ಲೋಡರ್ ಒಂದೇ ಕೇಬಲ್ ಹಂಚಿಕೊಂಡಿರುತ್ತವೆ. ಸರ್ವರ್ ಅವುಗಳನ್ನು ಲನ್ ಎಂಬ ಸಂಖ್ಯೆಯಿಂದ ಗುರುತಿಸುತ್ತದೆ: ಡ್ರೈವ್ ಲನ್ 0, ಲೋಡರ್ ಲನ್ 1. ನೀವು ಕೇಬಲ್ ಚುಚ್ಚಿರುವುದು ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ರೇಡ್ ಕಾರ್ಡಿಗೆ ಆಗಿದ್ದರೆ ಅದು ಎರಡನೆಯ ಲನ್ ಅನ್ನು ಮುಂದಕ್ಕೆ ಬಿಡದೇ ಇರಬಹುದು. ಟೇಪಿಗೆ ಬೇಕಾದದ್ದು ಸಾಧನಗಳನ್ನು ಇದ್ದ ಹಾಗೆಯೇ ಸರ್ವರ್‌ಗೆ ತೋರಿಸುವ ಸಾದಾ ಸಾಸ್ ಎಚ್‌ಬಿಎ ಕಾರ್ಡ್. ರೇಡ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ ಏನೇನೋ ತಿರುವಿ ಹೊತ್ತು ಕಳೆಯಬೇಡಿ, ಕಾರ್ಡ್ ಬದಲಿಸಿ.

ಕಾರ್ಡ್ ಸರಿಯಿದ್ದೂ ಕಾಣದಿದ್ದರೆ ಲೋಡರ್‌ನ ಮೋಡ್ ನೋಡಿ. ಸೀಕ್ವೆನ್ಷಿಯಲ್ ಮೋಡ್‌ನಲ್ಲಿ ಒಂದು ಟೇಪ್ ಹೊರಬಂದ ಕೂಡಲೇ ಲೋಡರ್ ತಾನಾಗಿ ಮುಂದಿನ ಸ್ಲಾಟಿನದನ್ನು ಹಾಕುತ್ತದೆ, ಸಾಫ್ಟ್‌ವೇರ್‌ನ ಮಾತು ಕೇಳುವುದಿಲ್ಲ. ನಿಮಗೆ ಬೇಕಾದದ್ದು ರ‍್ಯಾಂಡಮ್ ಮೋಡ್. ಬದಲಿಸಿದ ಮೇಲೆ ಲೋಡರ್ ಮೊದಲು ಆನ್ ಮಾಡಿ. ಅದು ಸ್ಲಾಟುಗಳ ಇನ್ವೆಂಟರಿ ಮುಗಿಸಿ ರೆಡಿ ಎಂದು ತೋರಿಸಿದ ಮೇಲೆ ಸರ್ವರ್ ಆನ್ ಮಾಡಿ. ಈ ಅನುಕ್ರಮ ತಪ್ಪಿದರೂ ಲೋಡರ್ ಕಾಣುವುದಿಲ್ಲ. ಲಿನಕ್ಸ್‌ನಲ್ಲಿ ಎಲ್‌ಎಸ್‌ಎಸ್‌ಸಿಎಸ್‌ಐ ಕಮಾಂಡ್ ಕೊಟ್ಟಾಗ ‘ಟೇಪ್’ ಎಂದೊಂದು, ‘ಮೀಡಿಯಂಎಕ್ಸ್’ ಎಂದೊಂದು, ಹೀಗೆ ಎರಡು ಸಾಲು ಬರಬೇಕು. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ‘ಅನ್‌ನೋನ್ ಮೀಡಿಯಂ ಚೇಂಜರ್’ ಎಂದಿದ್ದರೆ ಗಾಬರಿ ಬೇಡ. ಎಷ್ಟೋ ಬ್ಯಾಕಪ್ ಸಾಫ್ಟ್‌ವೇರ್‌ಗಳು ಅದನ್ನು ಹಾಗೆಯೇ ಬಳಸಿಕೊಳ್ಳುತ್ತವೆ.

ಸೆಕೆಂಡ್ ಹ್ಯಾಂಡ್ ಎಂದಿದ್ದೀರಿ, ಹಾಗಾಗಿ ಇನ್ನೊಂದು ಮಾತು. ಸಾಗಿಸುವಾಗ ರೋಬಾಟ್ ಅಲುಗದಂತೆ ಹಾಕುವ ಶಿಪ್ಪಿಂಗ್ ಲಾಕ್ ಹಲವು ಮಾಡೆಲ್‌ಗಳಲ್ಲಿದೆ. ಅದನ್ನು ತೆಗೆಯದೆ ಆನ್ ಮಾಡಿದರೆ ರೋಬಾಟ್ ಅಲ್ಲೇ ಸಿಕ್ಕಿಕೊಂಡು ನಿಲ್ಲುತ್ತದೆ. ತೆಗೆದ ಲಾಕನ್ನು ಎಸೆಯದೆ ಇಟ್ಟುಕೊಳ್ಳಿ, ಆಫೀಸ್ ಬದಲಿಸುವಾಗ ಬೇಕಾಗುತ್ತದೆ. ಯಂತ್ರವನ್ನು ಪೇಪರ್ ಕತ್ತರಿಸುವ ಜಾಗದಿಂದ ದೂರ ಇಡಿ. ಕಾಗದದ ಹುಡಿ ಡ್ರೈವ್ ಹೆಡ್ಡಿಗೆ ದೊಡ್ಡ ಶತ್ರು.

ಪ್ರಶ್ನೆ: ನಮ್ಮದು ವಿಡಿಯೊ ಎಡಿಟಿಂಗ್ ಸ್ಟುಡಿಯೊ. ಎಲ್‌ಟಿಒ-7ರಲ್ಲಿ 6 ಟಿಬಿ ತುಂಬಲು ಒಂದು ದಿನಕ್ಕೂ ಹೆಚ್ಚು ಹಿಡಿಯುತ್ತಿದೆ. ಡ್ರೈವ್ ಓಡುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ಹೋದಂತೆ ಸದ್ದಾಗುತ್ತದೆ, ಮತ್ತೆ ಓಡುತ್ತದೆ. ಡ್ರೈವ್ ಹೋಯಿತೇ?
— ಗಾಂಧಿನಗರ

ಡ್ರೈವ್ ಹಸಿದಿದೆ, ಅಷ್ಟೆ. ಎಲ್‌ಟಿಒ-7 ಕಂಪ್ರೆಷನ್ ಇಲ್ಲದೆ ಸೆಕೆಂಡಿಗೆ 300 ಎಂಬಿ ಬರೆಯುತ್ತದೆ. ಆ ಲೆಕ್ಕದಲ್ಲಿ 6 ಟಿಬಿಗೆ ಐದೂವರೆ ಗಂಟೆ ಸಾಕು. ನಿಮ್ಮ ಸರ್ವರ್ 60 ಎಂಬಿಯಂತೆ ಕೊಡುತ್ತಿದ್ದರೆ ಸುಮಾರು 28 ಗಂಟೆ ಬೇಕು. ನಿಮಗೆ ಆಗುತ್ತಿರುವುದು ಅದೇ.

ಡೇಟಾ ನಿಧಾನವಾಗಿ ಬಂದಾಗ ಡ್ರೈವ್ ತನ್ನ ವೇಗ ತಗ್ಗಿಸಿಕೊಂಡು ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೊಂದು ಮಿತಿ ಇದೆ. ಎಲ್‌ಟಿಒ-7ರಲ್ಲಿ ಅದು ಸುಮಾರು 100 ಎಂಬಿ. ಅದಕ್ಕಿಂತ ಕೆಳಗೆ ಹೋದರೆ ಬಫರ್ ಬರಿದಾಗಿ ಟೇಪ್ ನಿಲ್ಲಬೇಕಾಗುತ್ತದೆ. ಆದರೆ ಓಡುವ ಟೇಪ್ ನಿಂತಲ್ಲೇ ನಿಲ್ಲದು. ಸ್ಟಾಪ್ ದಾಟಿ ಮುಂದೆ ಹೋದ ಸಿಟಿ ಬಸ್ಸು ರಿವರ್ಸ್ ತೆಗೆದುಕೊಂಡು ಬರುವಂತೆ, ಡ್ರೈವ್ ಟೇಪನ್ನು ಹಿಂದಕ್ಕೆ ಸುತ್ತಿ, ಬಿಟ್ಟ ಜಾಗಕ್ಕೆ ತಂದು, ಮತ್ತೆ ವೇಗ ಹಿಡಿಯಬೇಕು. ಶೂ ಶೈನಿಂಗ್ ಎನ್ನುವುದು ಇದಕ್ಕೇ. ಸಮಯ ಹಾಳಾಗುವುದರ ಜೊತೆಗೆ ಟೇಪಿನ ಒಂದೇ ತುಣುಕು ಹೆಡ್ಡಿನ ಮೇಲೆ ಮತ್ತೆ ಮತ್ತೆ ಉಜ್ಜಿ ಎರಡೂ ಸವೆಯುತ್ತವೆ.

ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವುದು ಹೀಗೆ. ಸರ್ವರ್‌ನ ಎಸ್‌ಎಸ್‌ಡಿಯಲ್ಲಿ 50 ಜಿಬಿಯ ಒಂದೇ ವಿಡಿಯೊ ಫೈಲ್ ಇಟ್ಟು ಅದನ್ನು ಮಾತ್ರ ಟೇಪಿಗೆ ಬರೆಯಿರಿ. ಬರೀ ಸೊನ್ನೆ ತುಂಬಿದ ಫೈಲ್ ಬಳಸಬೇಡಿ. ಡ್ರೈವ್ ಅದನ್ನು ಕುಗ್ಗಿಸಿ ಸುಳ್ಳು ವೇಗ ತೋರಿಸುತ್ತದೆ. 280–300 ಬಂದರೆ ಡ್ರೈವ್, ಕೇಬಲ್, ಕಾರ್ಡ್ ಮೂರೂ ಸರಿ. ಆಮೇಲೆ ಉಳಿಯುವುದು ನೆಟ್‌ವರ್ಕ್ ಮತ್ತು ಡಿಸ್ಕ್. ಒಂದು ಗಿಗಾಬಿಟ್ ಲೈನಿನಲ್ಲಿ ಎಷ್ಟು ಹಿಂಡಿದರೂ 110 ಎಂಬಿ ಆಸುಪಾಸು. ಒಂಟಿ ಹಾರ್ಡ್ ಡಿಸ್ಕ್ ದೊಡ್ಡ ಫೈಲಿಗೆ 150–200 ಕೊಡಬಹುದು, ಸಾವಿರಾರು ಸಣ್ಣ ಫೈಲುಗಳಿದ್ದರೆ ಅದೇ ಡಿಸ್ಕ್ ಕುಸಿದು ಕೂರುತ್ತದೆ.

ಪರಿಹಾರ: ಹಗಲಲ್ಲಿ ನೆಟ್‌ವರ್ಕ್ ಮೂಲಕ ಎಲ್ಲವನ್ನೂ ಟೇಪ್ ಸರ್ವರ್‌ನ ರೇಡ್ ಅಥವಾ ಎಸ್‌ಎಸ್‌ಡಿಗೆ ಇಳಿಸಿಕೊಳ್ಳಿ, ರಾತ್ರಿ ಅಲ್ಲಿಂದ ಟೇಪಿಗೆ ಬರೆಯಿರಿ. ಇಮೇಜ್ ಸೀಕ್ವೆನ್ಸ್‌ನಂಥ ಸಣ್ಣ ಫೈಲುಗಳ ರಾಶಿಯನ್ನು ಮೊದಲೇ ಒಂದು ಟಾರ್ ಫೈಲಾಗಿ ಕಟ್ಟಿ. ಬ್ಲಾಕ್ ಸೈಜ್ (ಒಂದು ಸಲಕ್ಕೆ ಬರೆಯುವ ತುಂಡಿನ ಗಾತ್ರ) 64 ಕೆಬಿ ಇದ್ದರೆ 256 ಕೆಬಿಗೆ ಏರಿಸಿ, ಆದರೆ ಓದುವಾಗಲೂ ಅದೇ ಸೈಜ್ ಬೇಕಾದ್ದರಿಂದ ಕ್ಯಾಟ್ರಿಜ್ ಪೆಟ್ಟಿಗೆಯ ಮೇಲೆ ಬರೆದಿಡಿ. ಬ್ಯಾಕಪ್ ಸಾಫ್ಟ್‌ವೇರ್‌ನ ಕಾರ್ಯವನ್ನು ಆಂಟಿವೈರಸ್‌ನ ವಿನಾಯಿತಿ ಪಟ್ಟಿಗೆ ಸೇರಿಸಿ. ಇದು ಉಚಿತ ಪರಿಹಾರ, ಜನ ಕೊನೆಗೆ ಪ್ರಯತ್ನಿಸುವುದೂ ಇದನ್ನೇ. ರೇಡ್, ಎಸ್‌ಎಸ್‌ಡಿಯ ಖರ್ಚು ಬೇಡವೆನ್ನುವವರು ಹೊಸದನ್ನು ಕೊಳ್ಳುವಾಗ ತಮ್ಮ ಡಿಸ್ಕಿನ ವೇಗ ನೋಡಿ ಡ್ರೈವ್ ಆರಿಸಬೇಕು. ನಿಧಾನದ ಸರ್ವರ್‌ಗೆ ವೇಗದ ಡ್ರೈವ್ ಹಾಕುವುದು ದುಡ್ಡು ಕೊಟ್ಟು ತೊಂದರೆ ತಂದುಕೊಂಡಂತೆ.

ಪೆಟ್ಟಿಗೆಯ ಮೇಲೆ 15 ಟಿಬಿ ಎಂದು ಬರೆದಿರುವುದನ್ನೂ ನಂಬಿಕೊಳ್ಳಬೇಡಿ. ಅದು 2.5ಕ್ಕೆ 1 ಕಂಪ್ರೆಷನ್ ಲೆಕ್ಕ. ವಿಡಿಯೊ ಮೊದಲೇ ಕುಗ್ಗಿರುವುದರಿಂದ ನಿಮಗೆ ಸಿಗುವುದು 6 ಮಾತ್ರ.

ಪ್ರಶ್ನೆ: ಕ್ಲೀನಿಂಗ್ ಟೇಪನ್ನು ವಾರಕ್ಕೊಮ್ಮೆ ಹಾಕಬೇಕೋ ತಿಂಗಳಿಗೊಮ್ಮೆಯೋ?
— ಪೀಣ್ಯ

ಎರಡೂ ಅಲ್ಲ. ಡ್ರೈವ್ ಕೇಳಿದಾಗ ಹಾಕಿ. ಕ್ಲೀನಿಂಗ್ ಲೈಟ್ ಹತ್ತುತ್ತದೆ ಅಥವಾ ಸಾಫ್ಟ್‌ವೇರ್‌ನಲ್ಲಿ ಟೇಪ್‌ಅಲರ್ಟ್ (ಡ್ರೈವ್ ಕಳಿಸುವ ಎಚ್ಚರಿಕೆಯ ಸಂಖ್ಯೆ) 20 ಬರುತ್ತದೆ. 20 ಎಂದರೆ ಈಗಲೇ ಸ್ವಚ್ಛ ಮಾಡು, 21 ಎಂದರೆ ಸಮಯ ಸಿಕ್ಕಾಗ ಮಾಡು, 22 ಎಂದರೆ ಕ್ಲೀನಿಂಗ್ ಟೇಪಿನ ಆಯಸ್ಸು ಮುಗಿದಿದೆ. ಕ್ಲೀನಿಂಗ್ ಟೇಪ್ ಹೆಡ್ಡನ್ನು ಉಜ್ಜುತ್ತದೆ, ಸುಮ್ಮನೆ ಹಾಕಿದಷ್ಟೂ ಹೆಡ್ ಸವೆಯುತ್ತದೆ. ಯೂನಿವರ್ಸಲ್ ಕ್ಲೀನಿಂಗ್ ಕ್ಯಾಟ್ರಿಜ್ ಸಾಮಾನ್ಯವಾಗಿ 50 ಬಾರಿಗೆ. ಎಣಿಕೆ ಅದರೊಳಗಿನ ಚಿಪ್ಪಿನಲ್ಲೇ ಇರುತ್ತದೆ. ಮುಗಿದದ್ದನ್ನು ಎಸೆಯಿರಿ.

ಅದಕ್ಕೆ ಕೊನೆಯ ಸ್ಲಾಟನ್ನು ಕಾಯಂ ಮೀಸಲಿಡಿ. ಆಟೊ ಕ್ಲೀನಿಂಗನ್ನು ಲೋಡರ್‌ನಲ್ಲಾಗಲಿ ಸಾಫ್ಟ್‌ವೇರ್‌ನಲ್ಲಾಗಲಿ ಒಂದು ಕಡೆ ಮಾತ್ರ ಆನ್ ಮಾಡಿ. ಎರಡೂ ಕಡೆ ಇದ್ದರೆ ಸಾಫ್ಟ್‌ವೇರ್‌ಗೆ ಗೊತ್ತಿಲ್ಲದೆ ಡ್ರೈವ್ ‘ಬಿಜಿ’ ಆಗಿ ರಾತ್ರಿಯ ಕೆಲಸ ಫೇಲ್ ಆಗುತ್ತದೆ. ಒಂದು ನಿರ್ದಿಷ್ಟ ಟೇಪ್ ಹಾಕಿದಾಗಲೆಲ್ಲ ಕ್ಲೀನಿಂಗ್ ಕೇಳುತ್ತಿದ್ದರೆ ತಪ್ಪು ಆ ಟೇಪಿನದು, ಅದನ್ನು ಬಳಕೆಯಿಂದ ತೆಗೆಯಿರಿ. ಬ್ಲೋವರ್, ಸ್ಪಿರಿಟ್, ಹತ್ತಿ ಯಾವುದೂ ಬೇಡ.

ಪ್ರಶ್ನೆ: ಬರೆಯುತ್ತಿರುವಾಗ ಕರೆಂಟ್ ಹೋಯಿತು. ಟೇಪ್ ಡ್ರೈವ್‌ನಲ್ಲೇ ಸಿಕ್ಕಿಕೊಂಡಿದೆ, ಅನ್‌ಲೋಡ್ ಕೊಟ್ಟರೆ ಬರುತ್ತಿಲ್ಲ.
— ಯಲಹಂಕ

ಮೊದಲು ಕೈ ಹಾಕದೆ ಕಾಯಿರಿ. ಕರೆಂಟ್ ಬಂದ ಮೇಲೆ ಡ್ರೈವ್ ತಾನಾಗಿ ಟೇಪನ್ನು ಕ್ಯಾಟ್ರಿಜ್‌ಗೆ ವಾಪಸ್ ಸುತ್ತುತ್ತದೆ. ಎಲ್‌ಟಿಒ-7 ಆದರೆ ಒಳಗಿರುವುದು 960 ಮೀಟರ್ ಉದ್ದದ ಟೇಪ್, ಹತ್ತು ನಿಮಿಷವಾದರೂ ಕೊಡಿ. ಆಮೇಲೂ ಬರದಿದ್ದರೆ ಹೆಚ್ಚಿನ ಸಲ ತಡೆದಿರುವುದು ಯಂತ್ರವಲ್ಲ, ಸಾಫ್ಟ್‌ವೇರ್. ಬರೆಯುವಾಗ ಬ್ಯಾಕಪ್ ಪ್ರೋಗ್ರಾಂ ಟೇಪ್ ಹೊರಬಾರದಂತೆ ಲಾಕ್ ಹಾಕಿರುತ್ತದೆ. ಬ್ಯಾಕಪ್ ಸರ್ವಿಸ್ ನಿಲ್ಲಿಸಿ, ಲೋಡರ್‌ನ ವೆಬ್ ಪುಟದಿಂದ ಅಥವಾ ಪ್ಯಾನೆಲ್ಲಿನಿಂದ ಅನ್‌ಲೋಡ್ ಕೊಡಿ. ಅದೂ ಆಗದಿದ್ದರೆ ಲೋಡರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಮತ್ತೆ ಅಷ್ಟೇ ಹೊತ್ತು ಕಾಯಿರಿ. ಅದರಾಚೆ ಸರ್ವಿಸ್‌ನವರ ಕೆಲಸ. ಚಿಮಟ ಹಾಕಿ ಎಳೆಯುವ ಸಾಹಸ ಬೇಡ.

ಹೊರಬಂದ ಕ್ಯಾಟ್ರಿಜ್‌ನ ಮೂಲೆಯ ಪುಟ್ಟ ಬಾಗಿಲನ್ನು ಬೆರಳಿನಿಂದ ಸರಿಸಿ ನೋಡಿ. ಒಳಗೆ ಬೆಂಕಿಕಡ್ಡಿಗಿಂತ ಚಿಕ್ಕ ಲೋಹದ ಪಿನ್ ನೆಟ್ಟಗೆ ನಿಂತಿರಬೇಕು, ಎರಡೂ ತುದಿ ತನ್ನ ಜಾಗದಲ್ಲಿ ಕೂತಿರಬೇಕು. ಡ್ರೈವ್ ಟೇಪನ್ನು ಹೊರಗೆಳೆಯುವುದು ಆ ಪಿನ್ ಹಿಡಿದು. ಅದು ವಾಲಿದ್ದರೆ, ಒಳಗೆ ಬಿದ್ದಿದ್ದರೆ ಆ ಕ್ಯಾಟ್ರಿಜನ್ನು ಮತ್ತೆ ಹಾಕಲೇಬೇಡಿ. ನೆಲಕ್ಕೆ ಬಿದ್ದ ಕ್ಯಾಟ್ರಿಜ್‌ಗೂ ಇದೇ ಪರೀಕ್ಷೆ.

ಪಿನ್ ಸರಿಯಿದ್ದರೂ ಆ ಟೇಪಿಗೆ ಮುಂದುವರಿಸಿ ಬರೆಯಬೇಡಿ. ಅದನ್ನು ‘ತುಂಬಿದೆ’ ಎಂದು ಗುರುತು ಹಾಕಿ ಹೊಸದರಲ್ಲಿ ಶುರು ಮಾಡಿ. ಹಿಂದಿನ ದಿನಗಳ ಬ್ಯಾಕಪ್ ಅದರಲ್ಲಿ ಓದಲು ಸಿಗುತ್ತದೆ, ಕರೆಂಟ್ ಹೋದಾಗ ಬರೆಯುತ್ತಿದ್ದದ್ದು ಮಾತ್ರ ಅರ್ಧಂಬರ್ಧ. ಟೇಪ್‌ಅಲರ್ಟ್ 18 ಬಂದರೆ ಕ್ಯಾಟ್ರಿಜ್ ಒಳಗಿನ ಚಿಪ್ಪಿನಲ್ಲಿರುವ ವಿಳಾಸಪಟ್ಟಿ ಕೆಟ್ಟಿದೆ ಎಂದರ್ಥ. ಹುಡುಕಾಟ ನಿಧಾನವಾಗುತ್ತದೆ, ಟೇಪನ್ನು ಪೂರ್ತಿ ಒಮ್ಮೆ ಓದಿಸಿದರೆ ಪಟ್ಟಿ ಸರಿಹೋಗುತ್ತದೆ. ಸರ್ವರ್ ಯುಪಿಎಸ್ ಮೇಲಿದ್ದು ಲೋಡರ್ ಗೋಡೆಯ ಪ್ಲಗ್‌ನಲ್ಲಿರುವುದು ಸಾಮಾನ್ಯ ನೋಟ. ಎರಡನ್ನೂ ಯುಪಿಎಸ್‌ಗೆ ಹಾಕಿ.

ಪ್ರಶ್ನೆ: ಲಿನಕ್ಸ್‌ನಲ್ಲಿ ಟಾರ್ ಬಳಸಿ ಸೋಮವಾರದ್ದು, ಮಂಗಳವಾರದ್ದು ಎಂದು ಒಂದೇ ಟೇಪಿಗೆ ಹಾಕಿದೆವು. ಓದಿದರೆ ಮಂಗಳವಾರದ್ದು ಮಾತ್ರ ಇದೆ.
— ಮಲ್ಲೇಶ್ವರ

ಲಿನಕ್ಸ್ ಒಂದೇ ಟೇಪ್ ಡ್ರೈವ್‌ಗೆ ಎರಡು ಹೆಸರು ಕೊಡುತ್ತದೆ, ನೀವು ಎಸ್‌ಟಿ0 ಎಂಬ ಹೆಸರಿಗೆ ಬರೆದಿದ್ದೀರಿ. ಕೆಲಸ ಮುಗಿದೊಡನೆ ಅದು ಟೇಪನ್ನು ಆರಂಭಕ್ಕೆ ಸುತ್ತುತ್ತದೆ, ಮುಂದಿನ ಬ್ಯಾಕಪ್ ಅದರ ಮೇಲೇ ಬೀಳುತ್ತದೆ. ಎನ್‌ಎಸ್‌ಟಿ0 ಬಳಸಿ, ಬರೆಯುವ ಮೊದಲು ಎಂಟಿ ಕಮಾಂಡ್‌ನಿಂದ ‘ಇಒಡಿ’ ಕೊಟ್ಟು ಡೇಟಾದ ಕೊನೆಗೆ ಹೋಗಿ. ಸೋಮವಾರದ್ದನ್ನು ಮರೆತುಬಿಡಿ.

ಪ್ರಶ್ನೆ: ನಾವೇ ಪ್ರಿಂಟ್ ಮಾಡಿದ ಬಾರ್‌ಕೋಡ್ ಲೋಡರ್‌ಗೆ ಕಾಣುತ್ತಿಲ್ಲ.
— ವಿಜಯನಗರ

ಕೋಡ್ 39 ಮಾದರಿ, ಎಂಟು ಅಕ್ಷರ ಇರಬೇಕು: ಮೊದಲ ಆರು ನಿಮ್ಮಿಷ್ಟ, ಕೊನೆಯ ಎರಡು ಟೇಪಿನ ತಲೆಮಾರು, ಎಲ್‌ಟಿಒ-7 ಆದರೆ ಎಲ್ ಮತ್ತು 7. ಹೊಳೆಯುವ ಕಾಗದ ಬೇಡ, ಸ್ಕ್ಯಾನರ್‌ನ ಬೆಳಕು ಪ್ರತಿಫಲಿಸುತ್ತದೆ. ಗೆರೆಗಳ ಎರಡೂ ಬದಿ ಖಾಲಿ ಬಿಳಿ ಜಾಗ ಬಿಡಿ. ಕ್ಯಾಟ್ರಿಜ್ ಬೆನ್ನಿನ ತಗ್ಗಿನಲ್ಲೇ ಅಂಟಿಸಿ, ಹಳೆಯ ಲೇಬಲ್ ಕಿತ್ತ ಮೇಲೆ. ಮೇಲ್ಭಾಗಕ್ಕೆ ಅಂಟಿಸಿದ ಚೀಟಿ ಬಿಚ್ಚಿಕೊಂಡು ಡ್ರೈವ್ ಒಳಗೆ ಸಿಕ್ಕರೆ ರಿಪೇರಿಯೇ ಗತಿ.

ಪ್ರಶ್ನೆ: ಹೊಸ ಎಲ್‌ಟಿಒ-9 ಟೇಪ್ ಹಾಕಿ ಒಂದು ಗಂಟೆಯಾದರೂ ರೆಡಿ ಆಗುತ್ತಿಲ್ಲ. ವಾಪಸ್ ಕೊಡಬೇಕೇ?
— ವೈಟ್‌ಫೀಲ್ಡ್

ಬೇಡ. ಎಲ್‌ಟಿಒ-9ರ ಹೊಸ ಟೇಪನ್ನು ಡ್ರೈವ್ ಮೊದಲ ಸಲ ಅಳೆದು ಹೊಂದಿಸಿಕೊಳ್ಳುತ್ತದೆ. ಸರಾಸರಿ 40 ನಿಮಿಷ, ಹೆಚ್ಚೆಂದರೆ ಎರಡು ಗಂಟೆ. ಪ್ರತಿ ಟೇಪಿಗೆ ಒಂದೇ ಸಲ. ನಡುವೆ ಆಫ್ ಮಾಡಬೇಡಿ. ಎಂಟು ಹೊಸ ಟೇಪಿಗೆ ಐದಾರು ಗಂಟೆ ಆಗುವುದರಿಂದ ಶನಿವಾರವೇ ಒಂದೊಂದಾಗಿ ಲೋಡ್ ಮಾಡಿ ಮುಗಿಸಿಡಿ.

ಪ್ರಶ್ನೆ: ನಮ್ಮದು ಲೆಕ್ಕಪರಿಶೋಧಕರ ಕಚೇರಿ. ಎಂಟು ಸ್ಲಾಟಿನ ಎಲ್‌ಟಿಒ-8 ಲೋಡರ್‌ಗೆ ಎಷ್ಟು ಟೇಪ್ ಕೊಳ್ಳಬೇಕು? ಹಳೆಯ ಎಲ್‌ಟಿಒ-5 ಟೇಪುಗಳೂ ಇವೆ.
— ಬಸವನಗುಡಿ

ಸೋಮವಾರದಿಂದ ಗುರುವಾರಕ್ಕೆ 4, ತಿಂಗಳ ಕೊನೆಯದನ್ನು ಬಿಟ್ಟು ಉಳಿದ ಶುಕ್ರವಾರಗಳಿಗೆ 4, ಕೊನೆಯ ಶುಕ್ರವಾರದ್ದು ತಿಂಗಳ ಟೇಪ್ ಎಂದು ವರ್ಷಕ್ಕೆ 12. ಒಟ್ಟು 20, ಜೊತೆಗೆ 2 ಖಾಲಿ, 1 ಕ್ಲೀನಿಂಗ್. ಲೋಡರ್ ಒಳಗೆ ದಿನದ 4, ಈ ವಾರ ಮತ್ತು ಮುಂದಿನ ವಾರದ 2, ಖಾಲಿ 1, ಕ್ಲೀನಿಂಗ್ 1. ಎಂಟೂ ಭರ್ತಿ. ವಾರದ ಟೇಪ್ ಸೋಮವಾರ ಬೆಳಿಗ್ಗೆ ಕಟ್ಟಡದಿಂದ ಹೊರಗೆ ಹೋಗಬೇಕು. ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪುಸ್ತಕಗಳನ್ನು ಎಂಟು ಹಣಕಾಸು ವರ್ಷ ಇಡಬೇಕಾದ್ದರಿಂದ ಮಾರ್ಚ್ ಟೇಪಿನ ರೈಟ್ ಪ್ರೊಟೆಕ್ಟ್ ಗುಂಡಿ ಸರಿಸಿ ಬೇರೆಯೇ ತೆಗೆದಿಡಿ.

ಇಡುವ ಜಾಗ 16ರಿಂದ 25 ಡಿಗ್ರಿ, ತೇವ 20ರಿಂದ 50 ಶೇಕಡ. ಬೆಂಗಳೂರಿನ ಬಿಸಿಲಿಗಿಂತ ಮಳೆಗಾಲದ ತೇವವೇ ಹೆಚ್ಚು ತೊಂದರೆ. ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಟೇಪು ನಿಲ್ಲಿಸಿದ ಭಂಗಿಯಲ್ಲಿ. ಹೊರಗಿನಿಂದ ತಂದ ಟೇಪನ್ನು ಒಂದು ದಿನ ಸರ್ವರ್ ಕೋಣೆಯಲ್ಲಿಟ್ಟು ಆಮೇಲೆ ಲೋಡ್ ಮಾಡಿ. ಗ್ರಾಹಕರ ಲೆಕ್ಕ ಇರುವುದರಿಂದ ಎನ್‌ಕ್ರಿಪ್ಷನ್ ಆನ್ ಮಾಡಿ, ಆದರೆ ಕೀಯ ನಕಲು ಟೇಪಿನ ಜೊತೆ ಒಂದೇ ಚೀಲದಲ್ಲಿ ಇರಕೂಡದು. ಕೀ ಕಳೆದರೆ ಟೇಪ್ ಮಾಡಿದವರೂ ಅದನ್ನು ಓದಲಾರರು.

ಎಲ್‌ಟಿಒ-5 ಟೇಪುಗಳು ನಿಮ್ಮ ಹೊಸ ಡ್ರೈವ್‌ನಲ್ಲಿ ಓದಲು ಬರುವುದಿಲ್ಲ. ಎಲ್‌ಟಿಒ-7ರವರೆಗೆ ಎರಡು ತಲೆಮಾರು ಹಿಂದಿನದನ್ನು ಓದಬಹುದಿತ್ತು. ಎಲ್‌ಟಿಒ-8ಕ್ಕೆ 7 ಮತ್ತು 8, ಎಲ್‌ಟಿಒ-9ಕ್ಕೆ 8 ಮತ್ತು 9 ಮಾತ್ರ. ಹಳೆಯ ಡ್ರೈವ್ ಇನ್ನೂ ಓಡುತ್ತಿದ್ದರೆ ಗುಜರಿಗೆ ಹಾಕುವ ಮೊದಲು ಆ ಟೇಪುಗಳನ್ನೆಲ್ಲ ಡಿಸ್ಕಿಗೆ ಇಳಿಸಿ ಹೊಸದಕ್ಕೆ ಬರೆಯಿರಿ. ಇಳಿಸಿದ ಮೇಲೆ ನಾಲ್ಕಾರು ಫೈಲುಗಳನ್ನು ತೆರೆದು ನೋಡಿ, ಆಮೇಲೆ ಡ್ರೈವ್ ಬಿಚ್ಚಿ.