ಅಲ್ಯೂಮಿನಿಯಂ ನೆಕ್ ಇರುವ ಗಿಟಾರ್ ನಿಜಕ್ಕೂ ಬೇರೆಯಾಗಿ ನುಡಿಯುತ್ತದೆಯೇ?

ನೀವು ಕೇಳಿರುವುದು ಎರಡು ಪ್ರಶ್ನೆ: ಅಲ್ಯೂಮಿನಿಯಂ ನೆಕ್ (ಎಡಗೈ ಹಿಡಿಯುವ ಉದ್ದನೆಯ ಭಾಗ) ಇರುವ ಎಲೆಕ್ಟ್ರಿಕ್ ಗಿಟಾರಿನ ನಾದ ಮರದ್ದಕ್ಕಿಂತ ಬೇರೆಯೇ? ಅಷ್ಟು ಒಳ್ಳೆಯದಾದರೆ ಎಲ್ಲರೂ ಅದನ್ನೇ ಏಕೆ ಮಾಡುವುದಿಲ್ಲ? ಮೊದಲನೆಯದಕ್ಕೆ ನನ್ನ ಉತ್ತರ, ಸ್ವಲ್ಪ ಬೇರೆ. ಎರಡನೆಯದಕ್ಕೆ ಉತ್ತರವನ್ನು ಕಿವಿಯಲ್ಲಿ ಹುಡುಕಬೇಡಿ, ಅಂಗೈಯಲ್ಲಿ ಹುಡುಕಿ.

ನಾನು ಏಳು ವರ್ಷದಿಂದ ಇಂಥದೊಂದನ್ನು ನುಡಿಸುತ್ತಿದ್ದೇನೆ. ಯಾರೋ ಬಳಸಿ ಬಿಟ್ಟದ್ದನ್ನು ಕೊಂಡದ್ದು. ಪೆಟ್ಟಿಗೆ ತೆರೆದು ಮೊದಲ ಸಲ ನೆಕ್ ಹಿಡಿದಾಗ ನಲ್ಲಿಯ ಕೊಳವೆಯನ್ನು ಹಿಡಿದಂತಾಯಿತು. ಅಲ್ಯೂಮಿನಿಯಂ ಮರಕ್ಕಿಂತ ಸಾವಿರ ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಅಂಗೈಯ ಬಿಸಿಯನ್ನೆಲ್ಲ ಅದು ಹೀರಿಕೊಳ್ಳುವುದರಿಂದ ಅಷ್ಟು ತಣ್ಣಗೆ ಅನಿಸುತ್ತದೆ.

ಹೀರಿದ ಬಿಸಿ ಎಲ್ಲಿಗೆ ಹೋಗುತ್ತದೆ ಎಂಬುದು ನನಗೆ ತಡವಾಗಿ ಹೊಳೆಯಿತು. ಕಾಲು ಗಂಟೆ ನುಡಿಸುವಷ್ಟರಲ್ಲಿ ಶ್ರುತಿ ಏರಿರುತ್ತಿತ್ತು. ಬಿರಡೆಗಳು ಸವೆದಿವೆ ಎಂದುಕೊಂಡು ಆರನ್ನೂ ಬದಲಿಸಿದೆ. ಮತ್ತೂ ಏರಿತು. ತಂತಿಯ ತಯಾರಕರನ್ನು ಬೈದೆ. ಕುಣಿಯಲಾರದವರಿಗೆ ನೆಲ ಡೊಂಕು ಎಂದು ನಮ್ಮ ಬೇಸ್ ವಾದಕ ಮುಖಕ್ಕೇ ಹೇಳಿದ ಮೇಲೆ ಕಾಗದ, ಪೆನ್ಸಿಲ್ ಹಿಡಿದು ಕೂತೆ. ಒಂದು ಮೀಟರ್ ಅಲ್ಯೂಮಿನಿಯಂ ಪ್ರತಿ ಡಿಗ್ರಿ ಸೆಲ್ಸಿಯಸ್ಸಿಗೆ ಸುಮಾರು 23 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಹಿಗ್ಗುತ್ತದೆ. ಉಕ್ಕಿನ ತಂತಿ ಸುಮಾರು 12, ಮರ ಎಳೆಯ ಉದ್ದಕ್ಕೆ ನಾಲ್ಕೈದು ಮೈಕ್ರಾನ್ ಮಾತ್ರ. ಮರದ ಗಿಟಾರು ಬಿಸಿಯಾದರೆ ತಂತಿಯೇ ಹೆಚ್ಚು ಹಿಗ್ಗಿ ಸಡಿಲಾಗುತ್ತದೆ, ಶ್ರುತಿ ಇಳಿಯುತ್ತದೆ. ಇದರಲ್ಲಿ ಎಲ್ಲವೂ ತಿರುವುಮುರುವು: ತಂತಿಗಿಂತ ನೆಕ್ ಹೆಚ್ಚು ಹಿಗ್ಗಿ ಅದನ್ನು ಎಳೆಯುತ್ತದೆ. ಲೋಹವು ಒಡಲ ಮೇಲೆ ತಂತಿಗಳನ್ನು ಹೊರುವ ಬ್ರಿಜ್‌ವರೆಗೂ ಹೋಗಿರುವ ವಾದ್ಯ ಹತ್ತು ಡಿಗ್ರಿ ಬಿಸಿಯೇರಿದರೆ ತೆಳುವಾದ ತಂತಿಯ ಶ್ರುತಿ ಹದಿನೈದು ಸೆಂಟ್‌ನಷ್ಟು ಏರುತ್ತದೆ. ಅರ್ಧಸ್ವರವೆಂದರೆ ನೂರು ಸೆಂಟ್. ಹದಿನೈದು ಸಣ್ಣದೆನಿಸಬಹುದು, ಆದರೆ ಪಕ್ಕದಲ್ಲಿರುವ ಮರದ ಗಿಟಾರು ಅದೇ ಹೊತ್ತಿಗೆ ಕೆಳಗೆ ಇಳಿಯುತ್ತಿರುತ್ತದೆ! ಬೇಸ್ ವಾದಕನ ಸಿಟ್ಟಿಗೆ ಅರ್ಥವಿತ್ತು.

ಈ ತೊಂದರೆ ಎಲೆಕ್ಟ್ರಿಕ್ ಗಿಟಾರಿನಷ್ಟೇ ಹಳೆಯದು. ಅಲ್ಯೂಮಿನಿಯಂ ಗಿಟಾರನ್ನು ಎಲ್ಲರೂ ‘ಪ್ರಯೋಗ’ ಎನ್ನುತ್ತಾರೆ. ಆದರೆ ಮಾರುಕಟ್ಟೆಯಲ್ಲಿ ಮೊದಲು ನೆಲೆಯೂರಿದ ಎಲೆಕ್ಟ್ರಿಕ್ ಗಿಟಾರೇ ಅಲ್ಯೂಮಿನಿಯಂ ಎರಕದ್ದು. ಜಾರ್ಜ್ ಬೀಚಂ ರೂಪಿಸಿ 1932ರಲ್ಲಿ ಮಾರಾಟಕ್ಕೆ ಬಂದ, ತೊಡೆಯ ಮೇಲಿಟ್ಟು ನುಡಿಸುವ ರಿಕನ್‌ಬ್ಯಾಕರ್ ವಾದ್ಯ ಅದು. ಗುಂಡು ಒಡಲು, ಉದ್ದ ಹಿಡಿ ನೋಡಿ ಜನ ಅದನ್ನು ಬಾಣಲೆ ಎಂದೇ ಕರೆದರು. ವೇದಿಕೆಯ ದೀಪಗಳ ಕೆಳಗೆ ಅದರ ಶ್ರುತಿ ಜಾರುತ್ತಿತ್ತು. ಕೆಲವೇ ವರ್ಷಗಳಲ್ಲಿ ಕಂಪನಿ ಪ್ಲಾಸ್ಟಿಕ್ಕಿನ ಬಗೆಯಾದ ಬೇಕಲೈಟ್‌ನ ಗಿಟಾರುಗಳನ್ನೂ ತಂದಿತು.

ಟ್ರಾವಿಸ್ ಬೀನ್ 1974ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮತ್ತೆ ಲೋಹಕ್ಕೆ ಕೈ ಹಾಕಿದಾಗ ಅವನ ಗುರಿ ಬೇರೆ ಇತ್ತು: ಬಾಗದ, ತಿರುಚಿಕೊಳ್ಳದ ನೆಕ್. ಒಂದೇ ಅಲ್ಯೂಮಿನಿಯಂ ತುಂಡನ್ನು ಕೊರೆದು, ಮರದ ಒಡಲಿನೊಳಗೆ ಹಾಯಿಸಿ, ಬ್ರಿಜ್ಜನ್ನೂ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್‌ಗಳನ್ನೂ ಆ ಲೋಹದ ಮೇಲೆಯೇ ಕೂರಿಸಿದ. ತಂತಿಯ ಎರಡೂ ತುದಿ ಒಂದೇ ತುಂಡಿನ ಮೇಲೆ ನಿಲ್ಲುವ ಈ ಉಪಾಯ ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಅಚ್ಚುಕಟ್ಟಾದದ್ದು. ಗ್ರೇಟ್‌ಫುಲ್ ಡೆಡ್ ತಂಡದ ಜೆರ್ರಿ ಗಾರ್ಸಿಯಾ ನುಡಿಸಿದರು, ಮುಂದೆ ರಾಕ್ ವಾದಕ ಸ್ಟೀವ್ ಅಲ್ಬಿನಿ ನುಡಿಸಿದರು. ಆದರೂ 1979ಕ್ಕೆ ಉತ್ಪಾದನೆ ನಿಂತಿತು. ಆಗಿದ್ದವು ಮೂರೂವರೆ ಸಾವಿರ ಚಿಲ್ಲರೆ ವಾದ್ಯಗಳು. ಜೊತೆಗಾರ ಗ್ಯಾರಿ ಕ್ರೇಮರ್ ಅಷ್ಟರಲ್ಲಿ ಬೇರೆಯಾಗಿ, ಅಲ್ಯೂಮಿನಿಯಂ ನೆಕ್ಕಿನ ಹಿಂಬದಿಗೆ ಮರದ ಪಟ್ಟಿಗಳನ್ನು ಕೂರಿಸಿದ್ದ. ತೂಕ ಇಳಿಯಿತು, ಅಂಗೈಗೆ ಮರ ಸಿಕ್ಕಿತು. ಜಾಣತನವೇ ಸರಿ. ಆದರೆ ಅದು ಸೋಲನ್ನು ಒಪ್ಪಿಕೊಂಡಂತೆಯೂ ಹೌದು. ಅವನ ಹೆಸರಿನ ಕಂಪನಿ 1980ರ ದಶಕದಲ್ಲಿ ಪೂರ್ತಿ ಮರಕ್ಕೆ ಮರಳಿತು. ಫ್ಲಾರಿಡಾದ ಜಾನ್ ವೆಲೆನೊ ಒಡಲನ್ನೂ ಅಲ್ಯೂಮಿನಿಯಂನಲ್ಲೇ ಮಾಡಿದರು. ಆಭರಣದಂತೆ ಹೊಳೆಯುವ ಅವು ಇನ್ನೂರು ಕೂಡ ಆಗಲಿಲ್ಲ.

ಈಗ ನಾದ. ಅಲ್ಯೂಮಿನಿಯಂ ಮೇಪಲ್ ಮರಕ್ಕಿಂತ ಬಗ್ಗಿಸಲು ಐದಾರು ಪಟ್ಟು ಗಡಸು, ಸುಮಾರು ನಾಲ್ಕು ಪಟ್ಟು ಸಾಂದ್ರ. ಮರದ ನೆಕ್ ತಾನೂ ಕಂಪಿಸಿ ತಂತಿಯ ಶಕ್ತಿಯನ್ನು ಅಷ್ಟಷ್ಟು ಕದಿಯುತ್ತದೆ. ನೆಕ್ಕಿನ ಮೇಲಿನ ಅಡ್ಡ ಲೋಹದ ಗೆರೆಗಳಾದ ಕೆಲವು ಫ್ರೆಟ್‌ಗಳಲ್ಲಿ ಸ್ವರ ಬೇಗ ಸಾಯುವುದು ಅದರಿಂದಲೇ. ನನ್ನ ಗಿಟಾರಿನಲ್ಲಿ ಅಂಥ ಸತ್ತ ಜಾಗ ಒಂದೂ ಇಲ್ಲ, ಮೀಟಿದ ಸ್ವರ ಸಮನಾಗಿ ನಿಲ್ಲುತ್ತದೆ. ಆದರೆ ಹೊಗಳಿಕೆಗೆ ಮಿತಿ ಇರಲಿ. ಅದರ ಪಿಕಪ್ಪನ್ನೇ ಒಮ್ಮೆ ನನ್ನ ಮರದ ಗಿಟಾರಿಗೆ ಹಾಕಿ ಅದೇ ಆಂಪ್ಲಿಫೈಯರಿನಲ್ಲಿ ನುಡಿಸಿದೆ. ಗೆಳೆಯನೊಬ್ಬ ಬೆನ್ನು ತಿರುಗಿಸಿ ಕೂತು ಕೇಳಿದ. ಡಿಸ್ಟಾರ್ಷನ್ (ನಾದವನ್ನು ಬೇಕೆಂದೇ ಒರಟಾಗಿಸುವುದು) ಇದ್ದಾಗ ಅವನದು ಬರೀ ಊಹೆ. ಶುದ್ಧ ನಾದದಲ್ಲಿ ಒಂದೇ ಸ್ವರವನ್ನು ಬಹಳ ಹೊತ್ತು ಬಿಟ್ಟಾಗ ಮಾತ್ರ ಸರಿಯಾಗಿ ಗುರುತಿಸಿದ. ‘ಲೋಹದ ನಾದ’ ಎಂದು ಜನ ಕೊಂಡಾಡುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಿಕಪ್ಪಿನದು ಮತ್ತು ನುಡಿಸುವವರ ಬಲಗೈಯದು.

ಉಳಿದ ಪ್ರಯೋಗಗಳಲ್ಲೂ ಗೆಲುವು ಸೋಲನ್ನು ತೀರ್ಮಾನಿಸಿದ್ದು ಕಿವಿಯಲ್ಲ, ಕೈ. ಅಲನ್ ಗಿಟ್ಲರ್ 1970ರ ದಶಕದಲ್ಲಿ ಒಡಲನ್ನೇ ಕಳಚಿ, ಮೀನಿನ ಮುಳ್ಳಿನಂಥ ಉಕ್ಕಿನ ಅಸ್ಥಿಪಂಜರವನ್ನಷ್ಟೇ ಉಳಿಸಿದರು. ಕಲೆಯಾಗಿ ಅದ್ಭುತ, ಆದರೆ ಹೆಬ್ಬೆರಳಿಗೆ ನೆಕ್ಕಿನಂಥ ಅಗಲವಾದ ಆಸರೆ ಇಲ್ಲ. 1980ರ ದಶಕದ ನಡುವೆ ಸ್ಕಾಟ್ಲೆಂಡಿನ ಆಂಡ್ರ್ಯೂ ಬಾಂಡ್ ಕಾರ್ಬನ್ ಫೈಬರ್ ಗಿಟಾರಿನಲ್ಲಿ ಫ್ರೆಟ್‌ಗಳ ಬದಲು ಮೆಟ್ಟಿಲುಗಳನ್ನು ಕೆತ್ತಿದರು. ಫ್ರೆಟ್ ತಡವಲು ಕಲಿತ ಬೆರಳುಗಳು ಒಪ್ಪಲಿಲ್ಲ. ಅದೇ ದಶಕದ ಆರಂಭದಲ್ಲಿ ನೆಡ್ ಸ್ಟೈನ್‌ಬರ್ಗರ್ ಬಿರಡೆಗಳನ್ನು ಬ್ರಿಜ್ಜಿನ ಕಡೆಗೆ ಸಾಗಿಸಿ ನೆಕ್ಕಿನ ತುದಿಯ ತಲೆಯನ್ನೇ ಕತ್ತರಿಸಿದಾಗ ನಗೆಯಾಡಿದವರಿದ್ದರು. ಆದರೆ ಅದರಿಂದ ಎಡಗೈಯ ಕೆಲಸ ಒಂದಿಷ್ಟೂ ಬದಲಾಗಲಿಲ್ಲ, ಭುಜದ ಹೊರೆ ಮಾತ್ರ ಕಡಿಮೆಯಾಯಿತು. ತಲೆಯಿಲ್ಲದ ಗಿಟಾರುಗಳನ್ನು ಇಂದು ಹಲವು ಕಂಪನಿಗಳು ಮಾಡುತ್ತವೆ.

ನೀವು ಕೊಳ್ಳುವ ಯೋಚನೆಯಲ್ಲಿದ್ದರೆ, ಅಂಗಡಿಯಲ್ಲಿ ಕೂತು ಐದು ನಿಮಿಷ ನುಡಿಸಿ ತೀರ್ಮಾನಿಸಬೇಡಿ. ಗಿಟಾರಿನ ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ನಿಂತು, ಕೈ ಬಿಟ್ಟು ನೋಡಿ. ನೆಕ್ ನೆಲದ ಕಡೆ ವಾಲಿದರೆ ಎಡಗೈ ಇಡೀ ಸಂಜೆ ಅದನ್ನು ಎತ್ತಿ ಹಿಡಿಯಬೇಕಾಗುತ್ತದೆ. ಅರ್ಧ ಗಂಟೆ ನುಡಿಸಿದ ಮೇಲೆ ಶ್ರುತಿ ಎಷ್ಟು ಜರುಗಿದೆ ಎಂದು ಟ್ಯೂನರಿನಲ್ಲಿ ಅಳೆಯಿರಿ. ಇವುಗಳಲ್ಲಿ ಹಲವಕ್ಕೆ ಟ್ರಸ್ ರಾಡ್ (ನೆಕ್ಕಿನೊಳಗೆ ಕೂತು ಅದರ ಬಾಗನ್ನು ಸರಿಪಡಿಸುವ ಸರಳು) ಇರುವುದಿಲ್ಲ. ತಂತಿಯ ದಪ್ಪ ಬದಲಿಸಿದಾಗ ನೆಕ್ಕಿನ ಬಾಗು ಬದಲಾದರೆ ಕೀಲಿ ತಿರುಗಿಸಿ ಸರಿಪಡಿಸಲಾಗದು, ಆದ್ದರಿಂದ ನೀವು ಯಾವಾಗಲೂ ಬಳಸುವ ತಂತಿಯನ್ನೇ ಹಾಕಿಸಿ ನೋಡಿ. ಮನೆಗೆ ತಂದ ಮೇಲೆ, ನುಡಿಸುವುದಕ್ಕೆ ಅರ್ಧ ಗಂಟೆ ಮೊದಲೇ ಅದನ್ನು ಪೆಟ್ಟಿಗೆಯಿಂದ ಹೊರಗಿಡಿ. ನಾನು ಇನ್ನೊಂದನ್ನೂ ಮಾಡುತ್ತೇನೆ: ಶ್ರುತಿ ಮಾಡುವ ಮೊದಲು ನೆಕ್ಕನ್ನು ಎರಡೂ ಕೈಯಲ್ಲಿ ಹಿಡಿದು ಎರಡು ನಿಮಿಷ ಉಜ್ಜುತ್ತೇನೆ. ನೋಡುವವರಿಗೆ ವಿಚಿತ್ರವೆನಿಸುತ್ತದೆ, ಬೇಸ್ ವಾದಕ ಈಗ ಏನೂ ಅನ್ನುವುದಿಲ್ಲ.